ಅರಿವಳಿಕೆ ಕೊಟ್ಟಾಗ ಎದೆಬಡಿತ ತಪ್ಪುವುದೇಕೆ, ಟೇಬಲ್ ಪಕ್ಕ ಏನಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಹೆರಿಗೆಗೆಂದೋ ಹರ್ನಿಯಾ ಆಪರೇಷನ್‌ಗೆಂದೋ ಒಳಗೆ ಹೋದವರು ಅರಿವಳಿಕೆ ಕೊಟ್ಟ ಸ್ವಲ್ಪ ಹೊತ್ತಿಗೇ ಹೃದಯ ನಿಂತು ತೀರಿಕೊಂಡ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ದವಾಖಾನೆ ಮುಂದೆ ಸಂಬಂಧಿಕರ ಧರಣಿ, ಪೊಲೀಸ್ ಬಂದೋಬಸ್ತು, ಡೋಸ್ ಹೆಚ್ಚಾಗಿ ಸತ್ತರು ಎಂಬ ಆರೋಪ. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಕೊಟ್ಟದ್ದು ಯಾವ ಔಷಧ, ಎಷ್ಟು, ಅದು ಸೇರಿದ್ದು ಎಲ್ಲಿಗೆ, ಬಡಿತ ಮೊದಲು ನಿಧಾನವಾಯಿತೋ ಅಡ್ಡಾದಿಡ್ಡಿಯಾಯಿತೋ ಎಂದು ಯಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆಗಳು ಇವೇ, ಏಕೆಂದರೆ ಒಂದೊಂದು ಉತ್ತರಕ್ಕೆ ಒಂದೊಂದು ಚಿಕಿತ್ಸೆ. ಒಂದು ಕಡೆ ಜೀವ ಉಳಿಸುವ ಔಷಧ ಇನ್ನೊಂದು ಕಡೆ ಕೆಲಸ ಕೆಡಿಸುತ್ತದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಅರಿವಳಿಕೆ ವೈದ್ಯರಾಗಿ ಕೆಲಸ ಮಾಡುವ ನಾವು ಹೇಳುವುದು ಇಷ್ಟು: ಇಂಥ ಎದೆಬಡಿತದ ಏರುಪೇರುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು. ಆದರೆ ಅದಕ್ಕೆ ಬೇಕಾದದ್ದು ಟೇಬಲ್ ಪಕ್ಕ ಕೈಗೆ ಸಿಗುವಂತಿರಬೇಕು, ಕಾರಣವನ್ನು ಮೊದಲ ನಿಮಿಷದಲ್ಲೇ ಗುರುತಿಸಬೇಕು.

ಬೆನ್ನಿಗೆ ಕೊಡುವ ಇಂಜೆಕ್ಷನ್‌ನಿಂದ ಶುರು ಮಾಡೋಣ. ಸಿಜೇರಿಯನ್‌ಗೆ ಬಹುಪಾಲು ಕೊಡುವುದು ಅದನ್ನೇ. ಬಳಸುವುದು ಜೋಮು ಹಿಡಿಸುವ 0.5% ಹೆವಿ (ಬೆನ್ನುಹುರಿಯ ದ್ರವಕ್ಕಿಂತ ಭಾರವಾದ) ಬುಪಿವಕೇನ್, 4 ಎಂ.ಎಲ್. ಆಂಪ್ಯೂಲ್‌ನಲ್ಲಿ 20 ಮಿ.ಗ್ರಾಂ ಇರುತ್ತದೆ, ಸಿಜೇರಿಯನ್‌ಗೆ ಸಾಮಾನ್ಯವಾಗಿ 2 ಎಂ.ಎಲ್. ಆಸುಪಾಸು ಸಾಕು. ಈ 10 ಮಿ.ಗ್ರಾಂ ರಕ್ತಕ್ಕೆ ಸೇರಿದರೂ ಹೃದಯಕ್ಕೆ ವಿಷವಾಗುವಷ್ಟಲ್ಲ. ಆದರೂ ಬಡಿತ ಇಳಿಯುತ್ತದೆ. ಹೃದಯದ ವೇಗ ಹೆಚ್ಚಿಸುವ ನರಗಳು ಎದೆಭಾಗದ ಮೊದಲ ನಾಲ್ಕು ಬೆನ್ನುನರಗಳ ಮಟ್ಟದಿಂದ ಹೊರಡುತ್ತವೆ. ಸಿಜೇರಿಯನ್ ನೋವಿಲ್ಲದೆ ಆಗಬೇಕಾದರೆ ಜೋಮು ಮೊಲೆತೊಟ್ಟಿನ ಮಟ್ಟಕ್ಕೆ, ಅಂದರೆ ಆ ನಾಲ್ಕನೇ ನರದವರೆಗೆ ಏರಲೇಬೇಕು. ಸ್ವಲ್ಪ ಮೇಲೇರಿದರೂ ಹೃದಯಕ್ಕೆ ಚುರುಕು ಕೊಡುವವರು ಯಾರೂ ಉಳಿಯುವುದಿಲ್ಲ. ಇತ್ತ ಕಾಲಿನ ರಕ್ತನಾಳಗಳು ಸಡಿಲಗೊಂಡು ರಕ್ತ ಕೆಳಗೇ ನಿಂತಿರುತ್ತದೆ, ತುಂಬಿದ ಗರ್ಭ ಹೊಟ್ಟೆಯ ದೊಡ್ಡ ಅಭಿಧಮನಿಯನ್ನು ಒತ್ತಿರುತ್ತದೆ. ಮರಳಿ ಬರುವ ರಕ್ತ ಕಡಿಮೆಯಾದಷ್ಟೂ ಬಡಿತ ಇನ್ನೂ ಕುಗ್ಗುತ್ತದೆ. 90 ಇದ್ದದ್ದು 60, ಆಮೇಲೆ 45, ಆಮೇಲೆ ಮಾನಿಟರ್‌ನಲ್ಲಿ ನೇರ ಗೆರೆ. ಕೆಲವರಲ್ಲಿ ಇದೆಲ್ಲ ಒಂದೆರಡು ನಿಮಿಷದೊಳಗೆ ಆಗಿಹೋಗುತ್ತದೆ.

"ವಾಂತಿ ಬಂದಂಗ ಆಗಾಕತ್ತೈತ್ರಿ" ಎಂದು ತಾಯಿ ಹೇಳಿದರೆ ಅದು ಬಿಪಿ ಬಿದ್ದಿರುವ ಮೊದಲ ಸೂಚನೆ. ವಾಂತಿ ನಿಲ್ಲಿಸುವ ಇಂಜೆಕ್ಷನ್ ಹುಡುಕುವ ಮೊದಲು ಬಿಪಿ ಕಫ್‌ನ ಗುಂಡಿ ಒತ್ತಬೇಕು. ಟೇಬಲ್ ಎಡಕ್ಕೆ 15 ಡಿಗ್ರಿ ವಾಲಿಸಿ, ಕಾಲು ಎತ್ತಿ, ಸಲೈನ್ ಪೂರ್ತಿ ವೇಗದಲ್ಲಿ ಹರಿಸಿ, ಬಡಿತ ಏರಿಸುವ ಅಟ್ರೋಪಿನ್ 0.6 ಮಿ.ಗ್ರಾಂ ಮತ್ತು ಬಿಪಿ ಏರಿಸುವ ಮೆಫೆಂಟರ್ಮಿನ್ ಅಥವಾ ಎಫೆಡ್ರಿನ್ 6 ಮಿ.ಗ್ರಾಂ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎರಡು ತಪ್ಪುಗಳು ಇಲ್ಲಿ ಆಗುತ್ತವೆ. ಕಾಲು ಎತ್ತುವ ಬದಲು ಇಡೀ ಟೇಬಲ್‌ನ ತಲೆಭಾಗ ಇಳಿಸಿದರೆ ಮೊದಲ ಹತ್ತು ನಿಮಿಷಗಳಲ್ಲಿ ಹೆವಿ ಔಷಧ ಮೇಲಕ್ಕೆ ಹರಿದು ಜೋಮು ಇನ್ನೂ ಏರುತ್ತದೆ. ಇನ್ನೊಂದು, ಬಡಿತ 48 ಇರುವಾಗ ಫಿನೈಲೆಫ್ರಿನ್ ಒಂದನ್ನೇ ಕೊಡುವುದು; ಅದು ಬಿಪಿ ಏರಿಸುತ್ತದೆ, ಬಡಿತವನ್ನು ಮತ್ತಷ್ಟು ಇಳಿಸುತ್ತದೆ. ಅಟ್ರೋಪಿನ್‌ಗೂ ಬಗ್ಗದಿದ್ದರೆ ಅಡ್ರಿನಾಲಿನ್ ಕೊಡಲು ತಡಮಾಡಬಾರದು. ಗೆರೆ ನೇರವಾಗುವವರೆಗೆ ಕಾಯುವಂಥ ಔಷಧವಲ್ಲ ಅದು.

ಅದೇ ಬುಪಿವಕೇನ್ ಅನ್ನು ಕೈ ಮುರಿದವರಿಗೆ ಕೊರಳ ಬದಿಗೋ ಕಂಕುಳಿಗೋ ಬ್ಲಾಕ್ ಆಗಿ, ಅಂದರೆ ಕೈಯ ನರಗಳಿಗೆ ಮಾತ್ರ ಜೋಮು ಹಿಡಿಸಲು, ಕೊಡುವಾಗ ಲೆಕ್ಕ ಪೂರ್ತಿ ಬೇರೆ. ಅಲ್ಲಿ 20ರಿಂದ 30 ಎಂ.ಎಲ್. ಹೋಗುತ್ತದೆ. 0.5% ಅಂದರೆ ಪ್ರತಿ ಎಂ.ಎಲ್.ಗೆ 5 ಮಿ.ಗ್ರಾಂ. ಮಿತಿ ಕಿಲೋಗೆ 2 ಮಿ.ಗ್ರಾಂ. 50 ಕಿಲೋ ತೂಕದ ಕೂಲಿ ಹೆಣ್ಣುಮಗಳಿಗೆ 100 ಮಿ.ಗ್ರಾಂ, ಅಂದರೆ 20 ಎಂ.ಎಲ್.ಗೆ ಮುಗಿಯಿತು. 30 ಎಂ.ಎಲ್. ತುಂಬಿದರೆ ಒಂದೂವರೆ ಪಟ್ಟು. ಇಲ್ಲಿ ಡೋಸ್ ಹೆಚ್ಚಾಯಿತು ಎಂಬ ಮಾತು ನಿಜಕ್ಕೂ ಅನ್ವಯಿಸುತ್ತದೆ. ಆದರೆ ಮಿತಿಯೊಳಗಿನ ಡೋಸ್ ಕೂಡ ಅಪಾಯ ತರಬಹುದು, ಸೂಜಿ ತುದಿ ರಕ್ತನಾಳದೊಳಗೆ ಇದ್ದರೆ 10 ಎಂ.ಎಲ್. ಸಾಕು.

ಹೃದಯದ ಸ್ನಾಯುಕೋಶಕ್ಕೆ ಸೋಡಿಯಂ ಒಳಹೋಗುವ ಸಣ್ಣ ದ್ವಾರಗಳಿವೆ; ಪ್ರತಿ ಬಡಿತಕ್ಕೂ ಅವು ತೆರೆದು ಮುಚ್ಚಬೇಕು. ಜೋಮು ಹಿಡಿಸುವ ಇನ್ನೊಂದು ಔಷಧವಾದ ಲಿಗ್ನೊಕೇನ್ ಆ ದ್ವಾರಕ್ಕೆ ಅಂಟಿದರೂ ಮುಂದಿನ ಬಡಿತದೊಳಗೆ ಬಿಟ್ಟುಹೋಗುತ್ತದೆ. ಬುಪಿವಕೇನ್ ಬೀಗದೊಳಗೆ ಮುರಿದುಳಿದ ಕೀಲಿಕೈಯಂತೆ ಅಲ್ಲೇ ಕೂರುತ್ತದೆ. ಮಾನಿಟರ್‌ನಲ್ಲಿ ಚೂಪಾಗಿದ್ದ ಇಸಿಜಿ ಗೆರೆ ಮೊದಲು ಅಗಲವಾಗುತ್ತದೆ, ಬಡಿತ ನಿಧಾನವಾಗುತ್ತದೆ, ಆಮೇಲೆ ಕೆಳಕೋಣೆಗಳಿಂದ ಅಂಕೆತಪ್ಪಿದ ವೇಗದ ಬಡಿತ, ಕೊನೆಗೆ ಸ್ತಬ್ಧ. ರೋಗಿ ಎಚ್ಚರವಿದ್ದರೆ ಅದಕ್ಕೂ ಮೊದಲೇ ಹೇಳುತ್ತಾರೆ: ಬಾಯಿ ಸುತ್ತ ಜೋಮು, ನಾಲಿಗೆಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಆಮೇಲೆ ಚಡಪಡಿಕೆ, ಫಿಟ್ಸ್. ಆದ್ದರಿಂದಲೇ ಬ್ಲಾಕ್ ಕೊಡುವಾಗ ಮಾತಾಡಿಸುತ್ತಿರಬೇಕು, ಮೂರರಿಂದ ಐದು ಎಂ.ಎಲ್.ಗೊಮ್ಮೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಬೇಕು, ಅರ್ಧ ನಿಮಿಷ ಬಿಟ್ಟು ಮುಂದಿನದನ್ನು ಕೊಡಬೇಕು. ಅಲ್ಟ್ರಾಸೌಂಡ್ ಇದ್ದರೆ ಸೂಜಿಯ ತುದಿ ಕಣ್ಣಿಗೇ ಕಾಣುತ್ತದೆ, ಕಡಿಮೆ ಔಷಧವೂ ಸಾಲುತ್ತದೆ.

ಬುಪಿವಕೇನ್‌ನಿಂದ ಹೃದಯ ನಿಂತರೆ ಮರಳಿ ತರುವುದು ಎಷ್ಟು ಕಷ್ಟ ಎಂಬುದು 1979ರಿಂದಲೇ ವೈದ್ಯರಿಗೆ ಗೊತ್ತಿತ್ತು. ದಾರಿ ಸಿಕ್ಕಿದ್ದು ಬಹಳ ತಡವಾಗಿ. ಅಮೆರಿಕದ ಗೈ ವೈನ್‌ಬರ್ಗ್ 1998ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕೊಬ್ಬಿನ ದ್ರಾವಣ ಈ ವಿಷಕ್ಕೆ ತಡೆಯೊಡ್ಡುವುದನ್ನು ತೋರಿಸಿದರು. 2006ರಲ್ಲಿ ಮೊದಲ ಬಾರಿ ಒಬ್ಬ ರೋಗಿಯನ್ನು ಹಾಗೆ ಉಳಿಸಿದ ವರದಿ ಬಂತು. ಊಟ ಮಾಡಲಾಗದ ಐಸಿಯು ರೋಗಿಗಳಿಗೆ ನಾಳದ ಮೂಲಕ ಕೊಡುವ 20% ಲಿಪಿಡ್ ಎಮಲ್ಷನ್ ಬಾಟಲಿಯೇ ಅದು. ಕೊಬ್ಬಿನ ಕಣಗಳು ಔಷಧವನ್ನು ಹೀರಿಕೊಂಡು ಹೃದಯದಿಂದ, ಮೆದುಳಿನಿಂದ ದೂರ ಸಾಗಿಸುತ್ತವೆ.

ಲೆಕ್ಕ ಬಾಯಿಪಾಠ ಇರಬೇಕು. ಮೊದಲು ಕಿಲೋಗೆ 1.5 ಎಂ.ಎಲ್., ಒಂದೆರಡು ನಿಮಿಷದಲ್ಲಿ. ಆಮೇಲೆ ಪ್ರತಿ ನಿಮಿಷಕ್ಕೆ ಕಿಲೋಗೆ 0.25 ಎಂ.ಎಲ್. 50 ಕಿಲೋದವರಿಗೆ ಮೊದಲು 75 ಎಂ.ಎಲ್., ನಂತರ ನಿಮಿಷಕ್ಕೆ 12.5 ಎಂ.ಎಲ್. 250 ಎಂ.ಎಲ್. ಬಾಟಲಿ ಸುಮಾರು ಕಾಲು ಗಂಟೆಯಲ್ಲಿ ಖಾಲಿ. ಬಡಿತ ಮರಳದಿದ್ದರೆ ಮೊದಲ ಡೋಸ್ ಮತ್ತೆ ಕೊಡಬೇಕು, ವೇಗ ದುಪ್ಪಟ್ಟು ಮಾಡಬೇಕು. ಒಟ್ಟು ಕಿಲೋಗೆ 12 ಎಂ.ಎಲ್. ದಾಟಬಾರದು. ಹಾಗಾಗಿ ಒಂದು ಬಾಟಲಿ ಇಟ್ಟು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಕನಿಷ್ಠ ಎರಡು ಬೇಕು. ಬಣ್ಣ ಒಂದೇ ಎಂದು ನಿದ್ದೆ ಬರಿಸುವ ಪ್ರೊಪೊಫಾಲ್ ಬಳಸುವ ಯೋಚನೆ ಬೇಡವೇ ಬೇಡ. ಅದರಲ್ಲಿ ಕೊಬ್ಬು 10% ಮಾತ್ರ, ಅಷ್ಟು ಕೊಬ್ಬು ಸಿಗಬೇಕಾದರೆ 1,500 ಮಿ.ಗ್ರಾಂ ಪ್ರೊಪೊಫಾಲ್ ಹೋಗಬೇಕು, ಅದೇ ಹೃದಯವನ್ನು ಮಲಗಿಸುತ್ತದೆ. ಈ ಸ್ಥಿತಿಯಲ್ಲಿ ಅಡ್ರಿನಾಲಿನ್ ಕೂಡ ವಾಡಿಕೆಯ 1 ಮಿ.ಗ್ರಾಂ ಅಲ್ಲ, ಕಿಲೋಗೆ 1 ಮೈಕ್ರೋಗ್ರಾಂ ಒಳಗೆ. ಬಡಿತ ಅಡ್ಡಾದಿಡ್ಡಿ ಆಗಿದೆಯೆಂದು ಲಿಗ್ನೊಕೇನ್ ಕೊಟ್ಟರೆ ವಿಷದ ಮೇಲೆ ವಿಷ, ಅಮಿಯೊಡರೋನ್ ಆಗಬಹುದು. 100% ಆಮ್ಲಜನಕ, ಫಿಟ್ಸ್‌ಗೆ ಮಿಡಜೋಲಾಮ್, ಎದೆ ಒತ್ತುವುದು ಬಿಡದೆ ನಡೆಯಬೇಕು. ಒಂದು ಗಂಟೆ ಮೀರಿ ಒತ್ತಿದ ಮೇಲೂ ಪೂರ್ತಿ ಚೇತರಿಸಿಕೊಂಡವರಿದ್ದಾರೆ, ಆದ್ದರಿಂದ ಇಪ್ಪತ್ತು ನಿಮಿಷಕ್ಕೆ ಕೈಚೆಲ್ಲಬಾರದು.

ಬಾಟಲಿಯನ್ನು 25 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಮಾಡಿನ ಸ್ಟೋರ್‌ನಲ್ಲಿಟ್ಟರೆ ಕೆಡುತ್ತದೆ. ಎಣ್ಣೆ ಬೇರ್ಪಟ್ಟು ಮೇಲೆ ತೇಲಿದ ಬಾಟಲಿಯನ್ನು ಎಸೆಯಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಹುನಗುಂದದಂಥ ಊರುಗಳಿಂದ ಜಿಲ್ಲಾ ಕೇಂದ್ರದ ದವಾಖಾನೆಗೆ ಆಂಬ್ಯುಲೆನ್ಸ್ ಓಡಲು ಹಿಡಿಯುವ ಸಮಯ ಯಾರಿಗೂ ಗೊತ್ತಿರುವುದೇ. ಹೃದಯ ನಿಂತವರನ್ನು ಸಾಗಿಸುವಂತಿಲ್ಲ, ಬಾಟಲಿ ಅಲ್ಲೇ ಇರಬೇಕು.

ಅರಿವಳಿಕೆ ತಜ್ಞರಿಲ್ಲದೆ ಗಡ್ಡೆ, ಹೈಡ್ರೋಸಿಲ್ ಮುಂತಾದವನ್ನು ಜಾಗಕ್ಕೇ ಇಂಜೆಕ್ಷನ್ ಕೊಟ್ಟು ತೆಗೆಯುವ ಸಣ್ಣ ಕ್ಲಿನಿಕ್‌ಗಳೂ ಈ ಲೆಕ್ಕದ ಹೊರಗಿಲ್ಲ. 2% ಲಿಗ್ನೊಕೇನ್‌ನ ಪ್ರತಿ ಎಂ.ಎಲ್.ನಲ್ಲಿ 20 ಮಿ.ಗ್ರಾಂ ಇದೆ. ಅಡ್ರಿನಾಲಿನ್ ಇಲ್ಲದ್ದಾದರೆ ಕಿಲೋಗೆ 3 ಮಿ.ಗ್ರಾಂ ಸುರಕ್ಷಿತ ಮಿತಿ. 50 ಕಿಲೋಗೆ ಏಳೂವರೆ ಎಂ.ಎಲ್. ಮಾತ್ರ. ಅಡ್ರಿನಾಲಿನ್ ಬೆರೆಸಿದ್ದಾದರೆ ಕಿಲೋಗೆ 7 ಮಿ.ಗ್ರಾಂ, ಸುಮಾರು 17 ಎಂ.ಎಲ್. ದೊಡ್ಡ ಜಾಗಕ್ಕೆ ಬೇಕಿದ್ದರೆ ಸಲೈನ್ ಬೆರೆಸಿ 1% ಅಥವಾ 0.5% ಮಾಡಿಕೊಳ್ಳಬೇಕು. "ಇನ್ನೂ ನೋಯ್ತೈತ್ರಿ" ಎಂದಾಗಲೆಲ್ಲ ಇನ್ನೊಂದು ಸಿರಿಂಜ್ ತುಂಬುವುದು ಎಲ್ಲಕ್ಕಿಂತ ಅಪಾಯದ ರೂಢಿ.

ಇನ್ನೊಂದು ದುರಂತಕ್ಕೂ ಡೋಸ್‌ಗೂ ಸಂಬಂಧವೇ ಇಲ್ಲ. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಈಗ ಎಲ್ಲ ಹೆರಿಗೆ ಓಟಿಗಳಲ್ಲಿದೆ, ಇರಬೇಕಾದದ್ದೇ. ನಾಳಕ್ಕೆ ಕೊಟ್ಟರೆ ತಾಯಂದಿರ ಜೀವ ಉಳಿಸುವ ಔಷಧ ಅದು. ಅದರ ಆಂಪ್ಯೂಲ್ ಬುಪಿವಕೇನ್ ಆಂಪ್ಯೂಲ್‌ನಂತೆಯೇ ಕಾಣುವುದುಂಟು: ಅದೇ ಗಾತ್ರದ ಗಾಜು, ಅದೇ ನೀರಿನ ಬಣ್ಣದ ದ್ರವ, ಬೆರಳಿನ ತೇವಕ್ಕೆ ಅಳಿಸಿಹೋಗುವಷ್ಟು ಸಣ್ಣ ಅಕ್ಷರ. ಗಡಿಬಿಡಿಯಲ್ಲಿ ಅದು ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಜೋಮು ಏರುವುದೇ ಇಲ್ಲ. ಬದಲಿಗೆ ಬೆನ್ನು, ಪೃಷ್ಠಗಳಲ್ಲಿ ಸಹಿಸಲಾಗದ ಉರಿ, ಕಾಲುಗಳ ಎಳೆತ, ಫಿಟ್ಸ್, ಬಿಪಿ ಮತ್ತು ಬಡಿತದ ಏರಿಕೆ, ಆಮೇಲೆ ಹೃದಯ ಕಂಪಿಸಿ ನಿಲ್ಲುತ್ತದೆ. ಹೀಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಇದರ ಬಗ್ಗೆಯೇ ಜಾಗತಿಕ ಎಚ್ಚರಿಕೆ ಕೊಟ್ಟಿತು. ಉಪಾಯಕ್ಕೆ ದುಡ್ಡು ಬೇಕಿಲ್ಲ: ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಅರಿವಳಿಕೆ ಟ್ರಾಲಿಯಿಂದ ಹೊರಗೆ, ಬೇರೆ ಕಪಾಟಿನಲ್ಲಿಡಬೇಕು. ಬೆನ್ನಿಗೆ ಕೊಡುವವರೇ ಆಂಪ್ಯೂಲ್ ಒಡೆದು ತುಂಬಬೇಕು, ತುಂಬುವ ಮೊದಲು ಹೆಸರು ಗಟ್ಟಿಯಾಗಿ ಓದಬೇಕು, ಎದುರಿಗಿರುವ ಸಿಸ್ಟರ್ ಅದನ್ನೇ ಓದಿ ಹೇಳಬೇಕು. ಒಡೆದ ಆಂಪ್ಯೂಲ್‌ಗಳನ್ನು ಆಪರೇಷನ್ ಮುಗಿಯುವವರೆಗೆ ಟ್ರೇಯಲ್ಲೇ ಬಿಡಬೇಕು.

ಅಡ್ರಿನಾಲಿನ್ ಬೆರೆಸುವುದರಲ್ಲೂ ಇಂಥದ್ದೇ ಎಡವಟ್ಟು ಆಗುತ್ತದೆ. ರಕ್ತ ಕಡಿಮೆ ಹರಿಯಲೆಂದು ಕಿವಿ-ಮೂಗಿನ ಆಪರೇಷನ್‌ಗಳಲ್ಲಿ 2 ಲಕ್ಷಕ್ಕೆ 1ರ ಪ್ರಮಾಣದ ದ್ರಾವಣ ಚುಚ್ಚುತ್ತಾರೆ, ಅಂದರೆ ಎಂ.ಎಲ್.ಗೆ 5 ಮೈಕ್ರೋಗ್ರಾಂ. 1 ಮಿ.ಗ್ರಾಂ ಆಂಪ್ಯೂಲ್‌ನಿಂದ 0.1 ಎಂ.ಎಲ್. ತೆಗೆದು 20 ಎಂ.ಎಲ್.ಗೆ ಬೆರೆಸಬೇಕು. ಇಡೀ ಆಂಪ್ಯೂಲ್ ಸುರಿದರೆ ಹತ್ತು ಪಟ್ಟು. ಕಂಪನಿಯಿಂದಲೇ ಬೆರೆಸಿ ಬಂದ ವೈಯಲ್ ಬಳಸಿದರೆ ಈ ತಪ್ಪಿಗೆ ಜಾಗವೇ ಇಲ್ಲ. ಉಸಿರಿನ ಮೂಲಕ ಕೊಡುವ ಹ್ಯಾಲೋಥೇನ್ ಎಂಬ ಅರಿವಳಿಕೆ ಬಳಸುವ ಕಡೆ ಇನ್ನೂ ಎಚ್ಚರ ಬೇಕು, ಅದು ಹೃದಯವನ್ನು ಅಡ್ರಿನಾಲಿನ್‌ಗೆ ಅತಿಸೂಕ್ಷ್ಮ ಮಾಡುತ್ತದೆ. ವಯಸ್ಕರಿಗೆ ಹತ್ತು ನಿಮಿಷದೊಳಗೆ 100 ಮೈಕ್ರೋಗ್ರಾಂ, ಗಂಟೆಗೆ 300 ಮೈಕ್ರೋಗ್ರಾಂ ಮೀರಬಾರದು. ಉಸಿರಾಟ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಕೂಡಿದ್ದರೆ ಅಷ್ಟೂ ಹೆಚ್ಚೇ. ಅಡ್ಡಬಡಿತ ಕಂಡರೆ ಮೊದಲು ಚುಚ್ಚುವುದನ್ನು ಮತ್ತು ಹ್ಯಾಲೋಥೇನ್ ಅನ್ನು ನಿಲ್ಲಿಸಿ ಚೆನ್ನಾಗಿ ಉಸಿರು ಕೊಡಬೇಕು. ಐಸೋಫ್ಲುರೇನ್, ಸೀವೋಫ್ಲುರೇನ್‌ಗಳಲ್ಲಿ ಈ ಕಾಟ ಬಹಳ ಕಡಿಮೆ.

ಈ ವಿಷಯಕ್ಕೆ ನಮ್ಮ ನೆರೆಯ ಹೈದರಾಬಾದಿನ ನಂಟಿದೆ. ಕ್ಲೋರೋಫಾರ್ಮ್ ಕೊಟ್ಟಾಗ ಹೃದಯ ಮೊದಲು ನಿಲ್ಲುತ್ತದೋ ಉಸಿರೋ ಎಂದು ತಿಳಿಯಲು 1888 ಮತ್ತು 1889ರಲ್ಲಿ ಅಲ್ಲಿನ ವೈದ್ಯ ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ಎರಡು ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು; ಎರಡನೆಯದರ ಖರ್ಚು ನಿಜಾಮರದು. ಉಸಿರೇ ಮೊದಲು ನಿಲ್ಲುತ್ತದೆ, ಉಸಿರು ನೋಡಿಕೊಂಡರೆ ಸಾಕು ಎಂದು ಅವು ತೀರ್ಪು ಕೊಟ್ಟವು. 1911ರಲ್ಲಿ ಗುಡ್‌ಮನ್ ಲೆವಿ ಎಂಬುವರು ಲಘುವಾಗಿ ಕ್ಲೋರೋಫಾರ್ಮ್ ಕೊಟ್ಟ ಬೆಕ್ಕುಗಳಿಗೆ ಅಡ್ರಿನಾಲಿನ್ ಕೊಟ್ಟರೆ ಹೃದಯ ಕಂಪಿಸಿ ನಿಲ್ಲುವುದನ್ನು ತೋರಿಸಿಕೊಟ್ಟರು. ನಾಡಿ ನೋಡಬೇಕಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಸ್ಕೋಲಿನ್ ಎಂದು ನಾವೆಲ್ಲ ಕರೆಯುವ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಆರೋಗ್ಯವಂತರಲ್ಲಿ ರಕ್ತದ ಪೊಟ್ಯಾಸಿಯಂ ಅನ್ನು ಅರ್ಧ ಅಂಕದಷ್ಟು ಮಾತ್ರ ಏರಿಸುತ್ತದೆ. ಸುಟ್ಟಗಾಯವಾಗಿ ಒಂದೆರಡು ದಿನ ದಾಟಿದವರು, ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸ್ವಾಧೀನ ತಪ್ಪಿದವರು, ಬಹಳ ಕಾಲ ಹಾಸಿಗೆ ಹಿಡಿದವರು, ಸ್ನಾಯುಕ್ಷಯದ ಮಕ್ಕಳು, ಇವರಲ್ಲಿ ಅದು ಹೃದಯ ನಿಲ್ಲುವಷ್ಟು ಏರಬಹುದು. ಇಸಿಜಿಯ ಟಿ ಅಲೆ ಚೂಪಾಗಿ ಎದ್ದರೆ ಕಾಯದೆ 10% ಕ್ಯಾಲ್ಸಿಯಂ ಗ್ಲೂಕೋನೇಟ್ 10 ಎಂ.ಎಲ್., ಬೇಕಾದರೆ ಮತ್ತೆ, ನಂತರ 25 ಗ್ರಾಂ ಡೆಕ್ಸ್‌ಟ್ರೋಸ್ ಜೊತೆ 10 ಯೂನಿಟ್ ಇನ್ಸುಲಿನ್. ಇಂಥವರಿಗೆ ಸ್ಕೋಲಿನ್ ಬದಲು ರೊಕ್ಯುರೋನಿಯಂ ಬಳಸುವುದೇ ಲೇಸು. ಮಕ್ಕಳಿಗೆ ಸ್ಕೋಲಿನ್ ಎರಡನೇ ಬಾರಿ ಕೊಡುವಾಗ ಬಡಿತ ತೀರ ಇಳಿಯುತ್ತದೆ, ಅಟ್ರೋಪಿನ್ ಮೊದಲೇ ಹೋಗಿರಬೇಕು.

ಟಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಆರ್ಗನೊಫಾಸ್ಫರಸ್ ಕೀಟನಾಶಕ ಹೊಡೆಯುತ್ತಿರುವವರ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಕಡಿಮೆಯಾಗಿರಬಹುದು. ಆಗ ಐದು-ಹತ್ತು ನಿಮಿಷದಲ್ಲಿ ಇಳಿಯಬೇಕಾದ ಸ್ಕೋಲಿನ್ ಗಂಟೆಗಟ್ಟಲೆ ಇಳಿಯುವುದಿಲ್ಲ, ಸ್ನಾಯುಗಳ ಸಡಿಲಿಕೆ ಬಿಡಿಸಲು ಕೊನೆಯಲ್ಲಿ ಕೊಡುವ ನಿಯೋಸ್ಟಿಗ್ಮಿನ್ ಬಡಿತವನ್ನು ಮತ್ತಷ್ಟು ಇಳಿಸುತ್ತದೆ. ಅಕ್ಟೋಬರ್ ಚಾಟನಿಯ ನಂತರ ದಿನವೂ ಔಷಧ ಹೊಡೆದು, ಅದರ ನಡುವೆಯೇ ಆಪರೇಷನ್‌ಗೆ ಬಂದವರು ಅದನ್ನು ತಾವಾಗಿಯೇ ಹೇಳಬೇಕು.

ಉಳಿದವನ್ನು ಚುಟುಕಾಗಿ ಹೇಳುತ್ತೇವೆ. ಮೆಳ್ಳೆಗಣ್ಣಿನ ಆಪರೇಷನ್‌ನಲ್ಲಿ ಕಣ್ಣಿನ ಸ್ನಾಯು ಎಳೆದಾಗ, ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುವಾಗ ಬಡಿತ ಬಿದ್ದರೆ ಮೊದಲ ಚಿಕಿತ್ಸೆ ಎಳೆಯುವುದನ್ನು, ತುಂಬುವುದನ್ನು ನಿಲ್ಲಿಸುವುದು, ಅಟ್ರೋಪಿನ್ ಆಮೇಲೆ. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದವರಿಗೆ ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಅವಸರದಲ್ಲಿ ಕೊಟ್ಟರೆ ಇಸಿಜಿಯ ಕ್ಯೂಟಿ ಅಂತರ ಉದ್ದವಾಗಿ ಹೃದಯ ತಿರುಚಿದಂತೆ ಬಡಿಯಬಹುದು. ಅದಕ್ಕೆ ಬೇಕಾದ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಎಲ್ಲ ಹೆರಿಗೆ ಕೋಣೆಯಲ್ಲೂ ಇದೆ, 50%ನ 2 ಎಂ.ಎಲ್. ಆಂಪ್ಯೂಲ್ ಎರಡು. ಇನ್ನು ಅಡ್ಡಬಡಿತಗಳಲ್ಲಿ ಎಷ್ಟೋ ಪಾಲಿಗೆ ಔಷಧ ಕಾರಣವೇ ಅಲ್ಲ. ಆಮ್ಲಜನಕ ಕಡಿಮೆಯಾಗಿರುತ್ತದೆ, ಇಲ್ಲವೇ ಅರಿವಳಿಕೆ ಹಗುರಾಗಿ ನೋವು ತಟ್ಟಿರುತ್ತದೆ. ಬಡಿತಕ್ಕೆ ಔಷಧ ಹುಡುಕುವ ಮುನ್ನ ಟ್ಯೂಬ್, ಉಸಿರು, ಆಮ್ಲಜನಕ ನೋಡಬೇಕು.

ಪಲ್ಸ್ ಆಕ್ಸಿಮೀಟರ್‌ನ ಸದ್ದು ಕಿರಿಕಿರಿ ಎಂದು ಕೆಲವು ಕಡೆ ಆರಿಸಿಬಿಡುತ್ತಾರೆ. ಆಮ್ಲಜನಕ ಇಳಿದಂತೆ ಆ ಟಿಕ್ ಟಿಕ್ ಸ್ವರವೂ ಇಳಿಯುತ್ತದೆ, ಬಡಿತ ನಿಧಾನವಾದರೆ ಸದ್ದುಗಳ ನಡುವಿನ ಅಂತರ ಬೆಳೆಯುತ್ತದೆ. ಎಲ್ಲರ ಕಣ್ಣು ಬೇರೆಡೆ ಇದ್ದಾಗಲೂ ಕಿವಿಗೆ ತಿಳಿಯುತ್ತದೆ. ಆ ಸದ್ದು ಆರಬಾರದು. ಶಾಕ್ ಕೊಡುವ ಡಿಫಿಬ್ರಿಲೇಟರ್ ಬೀರುವಿನಲ್ಲಿ ಬೀಗ ಹಾಕಿ ಇಡುವ ಸಾಮಾನಲ್ಲ. ದಿನಾ ಬೆಳಿಗ್ಗೆ ಚಾರ್ಜ್ ನೋಡಿ ಸಹಿ ಹಾಕಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪರಿಶೀಲನೆಗೆ ಬರುವ ತಂಡಗಳು ಕಟ್ಟಡ, ಬೋರ್ಡು, ದರಪಟ್ಟಿಗಳ ಜೊತೆ ಇದನ್ನೂ ನೋಡಲಿ: ಚಾರ್ಜ್ ಇರುವ ಡಿಫಿಬ್ರಿಲೇಟರ್, ಅವಧಿ ಮುಗಿಯದ ಲಿಪಿಡ್ ಎಮಲ್ಷನ್ ಎರಡು ಬಾಟಲಿ, ಕ್ಯಾಲ್ಸಿಯಂ, ಬೇರೆ ಇಟ್ಟ ಟ್ರಾನೆಕ್ಸಾಮಿಕ್ ಆಸಿಡ್, ಸಿರಿಂಜ್ ಮೇಲೆ ಹೆಸರಿನ ಚೀಟಿ. ಸರ್ಕಾರಿ ದವಾಖಾನೆಗಳ ಔಷಧ ಬೇಡಿಕೆ ಪಟ್ಟಿಯಲ್ಲೂ ಆ ಬಾಟಲಿ ಸೇರಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೋರುತ್ತೇವೆ.

ರೋಗಿಗಳಿಗೂ ಒಂದು ಮಾತು. ಫಿಟ್‌ನೆಸ್ ಚೀಟಿ, ಸರಿಯಾದ ಇಸಿಜಿ ಇದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಓಡುವಾಗ ತಲೆಸುತ್ತಿ ಬಿದ್ದದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡದ್ದು, ಹಿಂದಿನ ಆಪರೇಷನ್‌ನಲ್ಲಿ ಆದ ತೊಂದರೆ, ನುಂಗುತ್ತಿರುವ ಎಲ್ಲ ಗುಳಿಗೆಗಳು, ನಾಟಿ ಔಷಧವೂ ಸೇರಿ, ಹೇಳಿ. ಗುಳಿಗೆಯ ಹಾಳೆಗಳನ್ನೇ ತಂದು ತೋರಿಸಿ. ಬಡಿತ ಇಳಿಸುವ ಮೆಟೊಪ್ರೊಲಾಲ್, ಅಟೆನೊಲಾಲ್‌ಗಳನ್ನು ಆಪರೇಷನ್ ಇದೆಯೆಂದು ನೀವಾಗಿ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಬಡಿತ ಕೆರಳುತ್ತದೆ.

ಬುಪಿವಕೇನ್ ವಿಷಕ್ಕೆ ಲಿಪಿಡ್ ಕೊಟ್ಟು ಬಡಿತ ಮರಳಿದವರನ್ನು ಕನಿಷ್ಠ ಆರು ಗಂಟೆ ಮಾನಿಟರ್ ಮೇಲಿಟ್ಟು ನೋಡಬೇಕು, ಕೊಬ್ಬು ಇಳಿದಂತೆ ವಿಷ ಮತ್ತೆ ತಲೆಯೆತ್ತಬಹುದು. ಮೇದೋಜೀರಕ ಗ್ರಂಥಿಗೆ ಊತ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡು ದಿನ ಅಮೈಲೇಸ್ ಪರೀಕ್ಷೆ ಮಾಡಬೇಕು. ಯಾವುದೇ ಏರುಪೇರು ಆಗಿದ್ದರೂ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ, ಏನಾಯಿತು, ಯಾವುದಕ್ಕೆ ಸರಿಹೋಯಿತು ಎಂದು ಬರೆದ ಚೀಟಿ, ಇಸಿಜಿ ಪಟ್ಟಿಯ ನಕಲಿನ ಜೊತೆ ಮನೆಯವರ ಕೈಗೆ ಕೊಡಬೇಕು. ನಮ್ಮ ಭಾಗದವರು ಮುಂದಿನ ಚಿಕಿತ್ಸೆಗೆ ಸೊಲ್ಲಾಪುರಕ್ಕೆ ಹೋಗುತ್ತಾರೋ, ಮಿರಜಕ್ಕೋ, ಹುಬ್ಬಳ್ಳಿಗೋ ಹೇಳಲಾಗದು. ಅಲ್ಲಿನ ವೈದ್ಯರು ಅರಿವಳಿಕೆ ಕೊಡುವ ಮೊದಲು ಆ ಚೀಟಿ ಓದಬೇಕು.

ಇಂತಿ,
ಅರಿವಳಿಕೆ ವೈದ್ಯರು,
ವಿಜಯಪುರ ಮತ್ತು ಬಾಗಲಕೋಟೆ